ದ್ಯಾಮವ್ವನ ಗೋಡೆ ನೋಡಲು ಹೋದದ್ದು

ದಾವಣಗೆರೆಯಲ್ಲಿ ಬೆಳಿಗ್ಗೆ ಆರೂವರೆಗೆ ಕೊಪ್ಪಳದ ಬಸ್ಸು ಹತ್ತಿದಾಗ ಕಂಡಕ್ಟರ್ ನನ್ನ ಕೈಗೆ ಸೊನ್ನೆ ರೂಪಾಯಿಯ ಟಿಕೆಟ್ ಇಟ್ಟ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಇದೇನು ಹೊಸದಲ್ಲ. ಆದರೂ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ ಕೈಯಲ್ಲಿ ಸೊನ್ನೆ ಹಿಡಿದುಕೊಂಡು ಕೂರುವುದು ಅಷ್ಟು ಹಿತವಾಗುವುದಿಲ್ಲ. ಟಿಕೆಟನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟೆ.

ಈ ಪ್ರಯಾಣಕ್ಕೆ ಕಾರಣ ಯಲಬುರ್ಗಾದ ಒಬ್ಬ ಟೇಲರ್. ಶೇಖರಪ್ಪ ಅಂತ ಹೆಸರು. ಸರ್ಕಾರಿ ಶಾಲೆಗಳ ಅನುದಾನದ ಬಗ್ಗೆ ನಾನು ಪತ್ರಿಕೆಯ ಓದುಗರ ಅಂಕಣಕ್ಕೆ ಬರೆದಿದ್ದ ನಾಲ್ಕು ಸಾಲು ಓದಿ, ಎಲ್ಲಿಂದಲೋ ನಂಬರು ಹುಡುಕಿ ಫೋನು ಮಾಡಿದ್ದರು. "ಮೇಡಂ, ನಮ್ಮ ಕಡಿಗೆ ಒಂದು ಗ್ವಾಡಿ ಐತ್ರಿ. ಲೆಕ್ಕ ಬಲ್ಲವರು ಬಂದು ನೋಡ್ಬೇಕು, ಬರಕೋಬೇಕು, ಫೋಟೊ ಹೊಡಕೋಬೇಕು. ಶುಕ್ರವಾರ ಕೊಪ್ಪಳದಾಗ ಶಿಕ್ಷಣ ಇಲಾಖಿ ಸಾಹೇಬ್ರು ನಮ್ಮನ್ನ ಕರದಾರ." ಮನವಿ ಪತ್ರ, ನಿಯೋಗ ಇವೆಲ್ಲ ಕೇಳಿದರೆ ನನಗೆ ಆಕಳಿಕೆ ಬರುತ್ತದೆ. ಆದರೆ ಮನವಿ ಜೊತೆಗೆ ಗೋಡೆ ತರುತ್ತೇವೆ ಅನ್ನುವವರನ್ನು ಅಲ್ಲಿಯತನಕ ನಾನು ಕಂಡಿರಲಿಲ್ಲ.

ಹೊಸಪೇಟೆ ದಾಟಿ ಕೊಪ್ಪಳಕ್ಕೆ ಬಂದಾಗ ಹನ್ನೊಂದೂವರೆ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಯಲಬುರ್ಗಾ, ನಲವತ್ತು ಕಿಲೋಮೀಟರ್ ಆಸುಪಾಸು. ಪಂಚಮಿ ಮುಗಿದು ಒಂದೇ ದಿನವಾಗಿತ್ತು. ತವರಿಗೆ ಹೋದ ಹೆಣ್ಣುಮಕ್ಕಳು ಉಂಡಿಯ ಡಬ್ಬಿ ಹಿಡಿದು ವಾಪಸಾಗುತ್ತಿದ್ದರು, ಬಸ್ಸಿನ ತುಂಬ ಹುರಿದ ಎಳ್ಳಿನ ವಾಸನೆ. ಪಕ್ಕದಲ್ಲಿದ್ದವಳು ನನ್ನ ಊರು ಕೇರಿ ಕೇಳುವ ಮೊದಲೇ ಒಂದು ಶೇಂಗಾ ಉಂಡಿ ಕೈಯಲ್ಲಿಟ್ಟು, "ತಿನ್ರಿ, ಆಮ್ಯಾಲೆ ಮಾತಾಡೋಣು" ಅಂದಳು.

ಶೇಖರಪ್ಪನವರ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಎರಡು ಹೊಲಿಗೆ ಯಂತ್ರ, ಒಂದು ಕತ್ತರಿ ಮೇಜು, ಆ ಮೇಜಿನ ಮೇಲೆಯೇ ನಾಲ್ಕು ತಾಲ್ಲೂಕಿನ ಪಾಲಕರ ಸಭೆಯ ಕಾಗದ ಪತ್ರ. ಐವತ್ತರ ಮನುಷ್ಯ, ಮಾತಾಡುವಾಗ ಕೊರಳಲ್ಲಿದ್ದ ಟೇಪನ್ನು ಎರಡೂ ಕೈಯಲ್ಲಿ ಎಳೆದಾಡುತ್ತಿದ್ದರು. ಅವರ ಬೇಡಿಕೆ ಕೇಳಿ ನನಗೆ ಆಶ್ಚರ್ಯವಾದದ್ದು ಅದು ಎಷ್ಟು ಚಿಕ್ಕದು ಅಂತ. ಶಾಲೆಗೆ ಎಷ್ಟು ಹಣ, ಎಷ್ಟು ಮಾಸ್ತರರು ಅನ್ನುವುದು ಮಕ್ಕಳ ತಲೆ ಎಣಿಸಿ ತೀರ್ಮಾನವಾಗುತ್ತದೆ. ಎಣಿಸುವುದು ವರ್ಷಕ್ಕೆ ಒಂದೇ ಸಲ. ಅದೇ ಹೊತ್ತಿಗೆ ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳು ಮಕ್ಕಳನ್ನು ಕಟ್ಟಿಕೊಂಡು ಗಂಗಾವತಿಯ ಕಾಲುವೆ ಬಯಲಿಗೆ ಭತ್ತ ನಾಟಿ ಮಾಡಲು ಹೋಗಿರುತ್ತವೆ. ದಸರೆಯ ಸುಮಾರಿಗೆ ಮಕ್ಕಳು ಹಿಂದಿರುಗಿ ಬೆಂಚಿನಲ್ಲಿ ಕೂರುತ್ತಾರೆ, ಲೆಕ್ಕದಲ್ಲಿ ಮಾತ್ರ ಇರುವುದಿಲ್ಲ.

"ಹೆಚ್ಚಿಗಿ ರೊಕ್ಕ ಕೇಳಾಕ್ಹತ್ತಿಲ್ರಿ ನಾವು. ಇನ್ನೊಮ್ಮೆ ಎಣಿಸ್ರಿ ಅನ್ನಾಕ್ಹತ್ತೀವಿ, ಅಷ್ಟ" ಅಂದರು ಶೇಖರಪ್ಪ.

ಗೋಡೆಯ ಕಥೆಯೂ ಅಲ್ಲೇ ತಿಳಿಯಿತು. ಹನುಮಸಾಗರದ ಆಚೆ ಒಂದು ಸಣ್ಣ ಊರು. ಅಲ್ಲಿಯ ಶಾಲೆಯಲ್ಲಿ ಬಿಸಿಯೂಟ ಮಾಡುವ ದ್ಯಾಮವ್ವ ಎರಡು ವರ್ಷದಿಂದ ಪ್ರತಿ ಸೋಮವಾರ ಊಟಕ್ಕೆ ಕೂತ ಮಕ್ಕಳನ್ನು ಎಣಿಸಿ, ಅಡುಗೆ ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕುತ್ತ ಬಂದಿದ್ದಳು. ಲೆಕ್ಕದಲ್ಲಿದ್ದ ಮಗುವಿಗೆ ಉದ್ದ ಗೀಟು, ಲೆಕ್ಕದಲ್ಲಿಲ್ಲದ ಮಗುವಿಗೆ ಗಿಡ್ಡ ಗೀಟು. ಸಮವಸ್ತ್ರದ ಅಳತೆ ತೆಗೆಯಲು ಹೋದ ಶೇಖರಪ್ಪ ಅದನ್ನು ಕಂಡಿದ್ದರು. ಆ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು ಶಿಕ್ಷಕರು. ಈಗಿನ ಎಣಿಕೆಯೇ ಗಟ್ಟಿಯಾದರೆ ಒಬ್ಬರನ್ನು ಎತ್ತಿ ಬೇರೆ ಕಡೆ ಹಾಕುತ್ತಾರೆ. ಉಳಿಸಿಕೊಳ್ಳಲು ಇದ್ದ ಆಧಾರ ಆ ಗೋಡೆ ಒಂದೇ.

ಮಂಗಳವಾರ ಕುಷ್ಟಗಿಗೆ ಹೋದೆವು. ಬಸ್ ನಿಲ್ದಾಣದ ಎದುರು ಮಂಡಾಳ ವಗ್ಗರಣಿ, ಅಂದರೆ ಮಂಡಕ್ಕಿಯ ಒಗ್ಗರಣೆ, ಜೊತೆಗೆ ಬೆರಳುದ್ದದ ಮಿರ್ಚಿ, ಇಬ್ಬರಿಗೂ ಸೇರಿ ಎಂಬತ್ತು ರೂಪಾಯಿ. ಮಿರ್ಚಿ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಾಗ ಶೇಖರಪ್ಪ ಬಹಳ ಸಮಾಧಾನದಿಂದ, "ಇದು ಸಪ್ಪನ ಮೆಣಸಿನಕಾಯಿ ಮೇಡಂ" ಅಂದರು. ಅಲ್ಲಿಂದ ಹನುಮಸಾಗರಕ್ಕೆ ಬಸ್ಸು, ಆಮೇಲೆ ತಲೆಗೆ ಮೂವತ್ತು ರೂಪಾಯಿಯ ಟಂಟಂ ಆಟೋ. ಮೋಡ ಮುಚ್ಚಿತ್ತು, ಮಳೆ ಇರಲಿಲ್ಲ. ಎರಡೂ ಕಡೆ ಸಜ್ಜೆ ಮೊಣಕಾಲೆತ್ತರ ಬಂದಿತ್ತು, ಕೆಲವು ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರು.

ಶಾಲೆಯ ಗೇಟಿನಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಹನುಮಗೌಡರು ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದರು. ಎಪ್ಪತ್ತರ ಮೇಲಿನವರು. ಕೈ ಮುಗಿದು ನೇರ ಅಡುಗೆ ಕೋಣೆಗೆ ಕರೆದೊಯ್ದು, ಬಾಗಿಲು ತಳ್ಳಿ, ಪಕ್ಕಕ್ಕೆ ಸರಿದು ನಿಂತರು. ಒಳಗೆ ನಾಲ್ಕೂ ಗೋಡೆ ಹಾಲಿನಂತೆ ಬೆಳ್ಳಗಿದ್ದವು. ಹಸಿ ಸುಣ್ಣದ ವಾಸನೆ ಮೂಗಿಗೆ ಹೊಡೆಯಿತು.

"ನೋಡ್ರಿ ಮೇಡಮ್ಮಾರ, ಹೆಂಗ ಐತಿ?" ಅಂದರು ಗೌಡರು.

ಒಂದು ಗೀಟೂ ಉಳಿದಿರಲಿಲ್ಲ. ಶೇಖರಪ್ಪ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಗೌಡ್ರ, ಇದೇನು ಮಾಡಿದ್ರಿ?"

"ನೀವ ಫೋನ್ ಮಾಡಿದ್ರೆಲ್ಲ? ದಾವಣಗೇರಿಯಿಂದ ಮೇಡಂ ಬರ್ತಾರ, ಅಡಗಿ ಮನಿ ಗ್ವಾಡಿ ನೋಡಾಕ ಬರ್ತಾರ ಅಂತಂದ್ರಿ. ಮಸಿ ಹತ್ತಿದ ಗ್ವಾಡಿ ಹೆಂಗ ತೋರ್ಸೋದ್ರಿ ಪರಊರವರಿಗೆ? ಪಂಚಮಿ ಸೂಟಿ ಇತ್ತು, ಸಾಲಿ ಖಾಲಿ ಇತ್ತು. ಎರಡು ಕೈ ಸುಣ್ಣ ಹೊಡದ್ವಿ."

ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಬೈಯಲು ಬಾಯಿ ತೆರೆದವಳು ಗೌಡರ ಮೊಣಕೈ ನೋಡಿದೆ. ತೊಳೆದರೂ ಹೋಗದ ಸುಣ್ಣದ ಚುಕ್ಕೆಗಳು ಅಲ್ಲಿದ್ದವು. ಆಳು ಹಚ್ಚದೆ ಆ ಮುದುಕ ತಾನೇ ಏಣಿ ಹತ್ತಿ ಬಳಿದಿದ್ದ, ಅದೂ ನನಗಾಗಿ. ನಾನು ನಾಲಿಗೆ ಕಚ್ಚಿಕೊಂಡು, "ಚೆನ್ನಾಗಿದೆ ಗೌಡರೇ" ಅಂದೆ. ಬೈಗುಳವನ್ನೆಲ್ಲ ಆಮೇಲೆ ಬೇವಿನ ಮರದ ಕೆಳಗೆ ಶೇಖರಪ್ಪನವರಿಗೆ ಕೊಟ್ಟೆ. ಅಲ್ಲಪ್ಪಾ, ಗೋಡೆ ಕಂಡ ದಿನವೇ ಒಂದು ಫೋಟೊ ತೆಗೆಯಬಾರದಿತ್ತೇ? ಅವರು ಟೇಪು ಎಳೆಯುವುದನ್ನೂ ಮರೆತು ತಲೆ ತಗ್ಗಿಸಿ ಕೂತರು. ಅವರ ಫೋನು ಬರೀ ಮಾತಾಡುವ ಫೋನು ಎಂದು ನನಗೆ ಆಗ ಕಂಡಿತು, ನಾಚಿಕೆಯಾಯಿತು.

ದ್ಯಾಮವ್ವ ತವರಿಗೆ ಹೋಗಿದ್ದವಳು ಸಂಜೆಯ ಟಂಟಂನಲ್ಲಿ ಬಂದಿಳಿದಳು. ತೆಳ್ಳಗಿನ, ಉದ್ದನೆಯ ಹೆಂಗಸು, ಬಗಲಲ್ಲಿ ಉಂಡಿಯ ಗಂಟು. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ನಾಲ್ಕೂ ಗೋಡೆ ನೋಡಿದಳು. ಆಮೇಲೆ ಒಲೆಯ ಹಿಂದೆ ಬೆರಳು ತೋರಿಸಿ, "ಮೂಲಿ ಬಿಟ್ಟಾರ ನೋಡ್ರಿ. ಗಂಡಸರ ಕೆಲಸ" ಅಂದಳು. ಗೌಡರಿಗೆ ಅಷ್ಟರಲ್ಲಿ ವಿಷಯ ಗೊತ್ತಾಗಿ ಮುಖ ಕಪ್ಪಿಟ್ಟಿತ್ತು. ಅವರ ಕಡೆ ತಿರುಗಿ, "ಇರ್ಲಿ ಬಿಡ್ರಿ ಕಾಕಾ. ಗೀಟು ಅಳಸೀರಿ, ಹುಡುಗ್ರು ಎಲ್ಲಿ ಹೋಗ್ಯಾರು? ನನಗ ಒಬ್ಬೊಬ್ಬರದೂ ಗೊತ್ತೈತಿ" ಅಂದಳು. ಆಕೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ. ಗೊತ್ತಿದೆ ಅಂದದ್ದನ್ನು ನಂಬಿದೆನೇ ಅಂದರೆ, ಇಲ್ಲ.

ಬುಧವಾರ ಬೆಳಿಗ್ಗೆ ಅಡುಗೆ ಕೋಣೆಯ ಕಟ್ಟೆಯ ಮೇಲೆ ಕೂತೆವು. ಆಕೆಯ ಜೊತೆಗಾತಿ ಒಲೆ ಹಚ್ಚಿದ್ದಳು, ದ್ಯಾಮವ್ವ ಕಾಯಿಪಲ್ಯೆ ಹೆಚ್ಚುತ್ತ ಹೇಳಿದಳು, ನಾನು ಬರೆದೆ. ಊರ ಅಗಸಿ ಬಾಗಿಲಿನಿಂದ ಶುರುಮಾಡಿ ಒಂದೊಂದೇ ಮನೆ ಹಿಡಿದು ಬಂದಳು. ಯಾರ ಮಗ, ಎಷ್ಟನೇ ತರಗತಿ, ಯಾವಾಗ ಹೋದ, ಯಾವಾಗ ಬಂದ, ಎಷ್ಟು ರೊಟ್ಟಿ ತಿನ್ನುವ ಮನೆಯವನು, ಎಲ್ಲವನ್ನೂ ಹೇಳಿದಳು. ತಾರೀಖು ಒಂದೂ ಇಲ್ಲ. ಕಾರಹುಣ್ಣಿಮಿ ಹಿಂದಿನ ದಿನ, ಎಳ್ಳಮಾಸಿ ಆದ ಮರುವಾರ, ಗೌರಿ ಹುಣ್ಣಿಮಿ ಮುಂದ, ಹೀಗೆ. ನಾನು ಕ್ಯಾಲೆಂಡರು ತಿರುವುತ್ತ ಪಕ್ಕದಲ್ಲಿ ತಾರೀಖು ಹಾಕಿಕೊಂಡೆ.

ಮಾಸ್ತರಿಕೆಯ ಚಟ ಬಿಡಬೇಕಲ್ಲ. ನಡುನಡುವೆ ಹಿಂದಿನ ಮನೆಯೊಂದನ್ನು ಎತ್ತಿ ತಿರುಗಿಸಿ ಕೇಳಿದೆ. ಎರಡು ಸಲ ಸರಿ ಹೇಳಿದಳು. ಮೂರನೆಯ ಸಲ ಈಳಿಗೆ ನಿಲ್ಲಿಸಿ, "ಅಕ್ಕೋರ, ನಾನೇನು ನಿಮ್ಮ ಸಾಲಿ ಹುಡುಗಿ ಅಲ್ಲ, ಪರೀಕ್ಷಾ ಮಾಡಾಕ" ಅಂದಳು. ನಾನು ನಕ್ಕುಬಿಟ್ಟೆ, ಆಕೆಯೂ ನಕ್ಕಳು. ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ತರಗತಿಯ ಅರ್ಧ ಮಕ್ಕಳ ಹೆಸರೂ ನನಗೆ ಹೀಗೆ ಬಾಯಿಗೆ ಬರುತ್ತಿರಲಿಲ್ಲ. ಇದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

ಕೊನೆಯ ಮನೆ ಆಕೆಯದೇ. "ನಮ್ಮ ರೇಣುಕಾ. ಮಗನ ಮಗಳು. ನಾಕನೇ ಕ್ಲಾಸು. ಈಗ ಅವ್ವ ಅಪ್ಪನ ಕೂಡ ಗಂಗಾವತಿ ಕಡಿ ಕ್ಯಾಂಪಿನಾಗ ಅದಾಳ. ಊರಿನ ಹನ್ನೊಂದು ಹುಡುಗ್ರು ಅದ ಕ್ಯಾಂಪಿನಾಗ ಅದಾವು. ಎಲ್ಲಾರೂ ಅಲ್ಲಿ ಸಾಲಿಗೆ ಹೊಕ್ಕಾವು." ಆಮೇಲೆ ಧ್ವನಿ ತಗ್ಗಿಸಿ, "ನೀವು ಆ ಕಡಿ ಹೊಂಟೀರೆಲ್ಲ, ನಮ್ಮ ಹುಡುಗಿನ್ನ ಒಂದೀಟು ನೋಡ್ರಿ. ಬಡಕಲಾಗ್ಯಾಳೇನು ನೋಡ್ರಿ" ಅಂದಳು. ಪಂಚಮಿಯ ಗಂಟಿನಿಂದ ನಾಲ್ಕು ಎಳ್ಳುಂಡಿ ತೆಗೆದು ಕಾಗದದಲ್ಲಿ ಸುತ್ತಿಕೊಟ್ಟಳು.

ಅದೇ ಮಧ್ಯಾಹ್ನ ಕುಷ್ಟಗಿಗೆ ಬಂದು, ತಾವರಗೇರಾ ಮೇಲಿಂದ ಗಂಗಾವತಿಯ ಬಸ್ಸು ಹಿಡಿದೆವು. ಎರಡು ಗಂಟೆಯ ದಾರಿ. ಅರ್ಧ ದಾರಿಯತನಕ ಕಲ್ಲು, ಸಜ್ಜೆ, ಕುರಿ ಹಿಂಡು. ಆಮೇಲೆ ಕಾಲುವೆ ಬಂತು, ನೋಡನೋಡುತ್ತ ಕಣ್ಣು ಹಾಯಿಸಿದಷ್ಟೂ ನೀರು ನಿಂತ ಗದ್ದೆ. ಒಂದೇ ಜಿಲ್ಲೆ ಅಂದರೆ ನಂಬುವುದು ಕಷ್ಟ. ಪ್ಲಾಸ್ಟಿಕ್ ಹಾಳೆ ತಲೆಗೆ ಕಟ್ಟಿಕೊಂಡ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಿದ್ದರು, ಸಣ್ಣ ಮಳೆ ಶುರುವಾಗಿತ್ತು. ಗಂಗಾವತಿಯಲ್ಲಿ ಐನೂರು ರೂಪಾಯಿಯ ಲಾಡ್ಜು, ಸೊಳ್ಳೆಯ ಕಾಟ ಬೇರೆ. ಊಟಕ್ಕೆ ಕುಳಿತರೆ ರೊಟ್ಟಿ ಕೇಳಿದವರಿಗೂ ಅನ್ನದ ರಾಶಿ ಬಡಿಸುವ ಊರು ಅದು.

ಗುರುವಾರ ಬೆಳಿಗ್ಗೆ ಕ್ಯಾಂಪಿನ ಶಾಲೆಗೆ ಹೋದೆವು. ಕಾಲುವೆಯ ನೀರು ಬಂದಾಗ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳಿಗೆ ಇಲ್ಲಿ ಕ್ಯಾಂಪ್ ಅನ್ನುತ್ತಾರೆ. ಮಕ್ಕಳು ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತಿದ್ದವು. ಅಲ್ಲಿಯ ಸುಜಾತಾ ಟೀಚರ್ ದ್ಯಾಮವ್ವನ ಊರಿನ ಮಕ್ಕಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿಕೊಂಡಿದ್ದರು.

"ಇವರ ಹೆಸರು ಬರೆದುಕೊಂಡಿದ್ದೀರಾ?" ಅಂತ ಕೇಳಿದೆ.

"ಹೆಂಗ ಬರಕೊಳ್ಳಿ ಮೇಡಂ? ಟಿ.ಸಿ. ತಂದಿಲ್ಲ, ಎರಡು ತಿಂಗಳಿಗೆ ಹೊಳ್ಳಿ ಹೋಗ್ತಾರ. ಬಂದ್ರ ಕೂಡ್ರಸ್ಕೊಂತೀನಿ, ನಮ್ಮ ಹುಡುಗ್ರ ಪುಸ್ತಕ ಕೊಡ್ತೀನಿ. ಹೊರಗ ನಿಂದ್ರಸಾಕ ಮನಸಾಗ್ತೈತೇನ್ರಿ?"

ಊರಲ್ಲೂ ಲೆಕ್ಕಕ್ಕಿಲ್ಲ, ಇಲ್ಲೂ ಲೆಕ್ಕಕ್ಕಿಲ್ಲ. ನೋಟ್‌ಬುಕ್ ತೆಗೆದು ದ್ಯಾಮವ್ವ ಹೇಳಿದ ಹೆಸರುಗಳನ್ನು ಕೂಗಿದೆ. ಒಬ್ಬೊಬ್ಬರೇ ಎದ್ದು ನಿಂತರು. ಹನ್ನೊಂದರಲ್ಲಿ ಹತ್ತು. ರೇಣುಕಾ ಅಂದಾಗ ಯಾರೂ ಏಳಲಿಲ್ಲ. ಒಬ್ಬ ಹುಡುಗಿ ಕಿಟಕಿಯ ಆಚೆ ಬದುವಿನ ಕಡೆ ಕೈ ತೋರಿಸಿದಳು.

ಬದುವಿನ ಮೇಲೆ ಜಾಲಿ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿತ್ತು. ಒಳಗೆ ಒಂದು ಕೂಸು. ಅದನ್ನು ತೂಗುತ್ತ ಒಂಬತ್ತು ವರ್ಷದ ಹುಡುಗಿ ಕೂತಿದ್ದಳು, ಅಜ್ಜಿಯದೇ ಉದ್ದ ಮುಖ. ಉಂಡಿ ಕೊಟ್ಟೆ. ಕಾಗದ ಬಿಚ್ಚಿ ಮೂಸಿ ನೋಡಿ, "ನಮ್ಮಜ್ಜಿ ಮಾಡಿದ್ದು" ಅಂದಳು.

"ಸಾಲಿಗೆ ಯಾಕೆ ಹೋಗಿಲ್ಲಮ್ಮಾ?"

"ಎರಡು ದಿನ ಹೋಗಿದ್ನಿರಿ. ತಮ್ಮ ಅಳ್ತಾನ. ಅವ್ವ ಕೆಸರಿನಾಗಿಂದ ಎದ್ದೆದ್ದು ಬರಾಕ ಆಗಂಗಿಲ್ಲಲ್ರಿ." ಉಂಡಿ ಕಚ್ಚಿ ಸ್ವಲ್ಪ ಹೊತ್ತಾದ ಮೇಲೆ ಅಂದಳು, "ಅಜ್ಜಿಗೆ ಹೇಳಬ್ಯಾಡ್ರಿ. ಫೋನಿನಾಗ ದಿನಾ ಹೊಕ್ಕೀನಿ ಅಂತ ಹೇಳೀನಿ."

ಪಟ್ಟಿಯಲ್ಲಿ ಹನ್ನೊಂದೂ ಮಕ್ಕಳು ಕ್ಯಾಂಪಿನ ಶಾಲೆಗೆ ಹೋಗುತ್ತಾರೆ ಅಂತ ಬರೆದಾಗಿತ್ತು. ದಾರಿಯಲ್ಲಿ ಶೇಖರಪ್ಪ, "ಒಂದ ಹೆಸರ್ರಿ ಮೇಡಂ. ಯಾರು ಬಂದು ನೋಡ್ತಾರ?" ಅಂದರು. ಗೋಡೆ ಹೋಗಿತ್ತು, ಉಳಿದದ್ದು ದ್ಯಾಮವ್ವನ ಮಾತು ಮಾತ್ರ. ಅದರಲ್ಲಿ ಒಂದು ತಪ್ಪಿದೆ, ಅದೂ ಆಕೆಯ ಮನೆಯದೇ ಅಂತ ಗೊತ್ತಾದರೆ ಉಳಿದದ್ದನ್ನು ಯಾರು ನಂಬುತ್ತಾರೆ? ಒಂದು ತಪ್ಪು ಹೆಜ್ಜೆಗೆ ಪೂರ್ತಿ ಅಂಕ ಕತ್ತರಿಸಿದ ಗಣಿತದ ಮಾಸ್ತರಮ್ಮ ನಾನು. ಆ ದಿನ ಹೆಸರು ಹೊಡೆಯದೆ ನೋಟ್‌ಬುಕ್ ಮುಚ್ಚಿಟ್ಟೆ.

ಶುಕ್ರವಾರ ಗಂಗಾವತಿಯಿಂದ ಕೊಪ್ಪಳಕ್ಕೆ ಬಂದಾಗ ಒಂಬತ್ತೂವರೆ. ಮಳೆ ತೊಳೆದ ಕೋಟೆಯ ಗುಡ್ಡ ಬಿಸಿಲಿಗೆ ಹೊಳೆಯುತ್ತಿತ್ತು. ಕುಷ್ಟಗಿ ಬಸ್ಸಿನಿಂದ ದ್ಯಾಮವ್ವ ಇಳಿದಳು, ಹಿಂದೆ ಹನುಮಗೌಡರು. ಇಳಿದವಳು ಕೇಳಿದ ಮೊದಲ ಮಾತು, "ಬಡಕಲಾಗ್ಯಾಳೇನ್ರಿ?"

ಸುಳ್ಳು ಹೇಳಲು ಇಡೀ ದಾರಿ ತಯಾರಿ ಮಾಡಿಕೊಂಡು ಬಂದಿದ್ದೆ. ಆ ಮುಖ ನೋಡಿ ಆಗಲಿಲ್ಲ. ಜೋಳಿಗೆ, ತಮ್ಮ, ಬದು ಎಲ್ಲವನ್ನೂ ಹೇಳಿಬಿಟ್ಟೆ. ದ್ಯಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು. "ವಾರಾ ವಾರಾ ಗೀಟು ಎಣಿಸಿದೆ, ನನ್ನ ಮನಿದ ತಪ್ಪಿದೆ" ಅಂದಳು. ಆಮೇಲೆ, "ನಡ್ರಿ, ಹೊತ್ತಾತು" ಅಂತ ಮುಂದೆ ನಡೆದಳು.

ಶಿಕ್ಷಣ ಇಲಾಖೆಯ ಕಚೇರಿಯ ಸಭಾಂಗಣದಲ್ಲಿ ನಾಲ್ಕು ತಾಲ್ಲೂಕಿನ ಐವತ್ತು ಅರವತ್ತು ಜನ ಸೇರಿದ್ದರು. ಬುತ್ತಿ ಕಟ್ಟಿಕೊಂಡು ಬಂದ ತಾಯಂದಿರು, ನಾಟಿ ಬಿಟ್ಟು ಬಂದ ಗಂಡಸರು. ಯಾರೂ ಘೋಷಣೆ ಕೂಗಲಿಲ್ಲ. ಅಧಿಕಾರಿ ಕಿರಿಯ ವಯಸ್ಸಿನವರು, ತಾಳ್ಮೆಯಿಂದ ಕೇಳಿಸಿಕೊಂಡು ಬರೆದುಕೊಳ್ಳುತ್ತಿದ್ದರು. ನಮ್ಮ ಸರದಿ ಬಂತು. ಶೇಖರಪ್ಪ ಪಟ್ಟಿ ಕೊಟ್ಟು ಗೋಡೆಯ ಕಥೆ ಹೇಳಿದರು. ಸುಣ್ಣದ ಮಾತು ಬಂದಾಗ ಸಭೆಯೇ ನಕ್ಕಿತು. ಹನುಮಗೌಡರು ತಲೆ ಎತ್ತಲಿಲ್ಲ.

"ನಗಬೇಡಿ" ಅಂದರು ಅಧಿಕಾರಿ. ಪಟ್ಟಿ ತಿರುವಿ, "ನಾನು ಇದನ್ನ ಮೇಲೆ ಕಳಿಸಿದರೆ ಅವರು ಕೇಳೋ ಮೊದಲ ಪ್ರಶ್ನೆ ಹೇಳ್ತೀನಿ. ಅಕ್ಕಿ ಜಾಸ್ತಿ ಬರಲಿ ಅಂತ ಅಡುಗೆಯವರು ಸಂಖ್ಯೆ ಜಾಸ್ತಿ ಹೇಳಿರಬಹುದಲ್ಲ? ಬಾಯಿಮಾತನ್ನ ಹೇಗೆ ನಂಬೋದು?"

ದ್ಯಾಮವ್ವ ಎದ್ದು ನಿಂತಳು.

"ಸಾಹೇಬ್ರ, ಮೊದಲ ಒಂದು ಹೆಸರು ಹೊಡೀರಿ ಅದರಾಗ. ಕಡೀದು. ರೇಣುಕಾ."

"ಯಾಕಮ್ಮಾ?"

"ಆಕಿ ನಮ್ಮ ಸಾಲ್ಯಾಗ ಇಲ್ಲ, ಅಲ್ಲಿ ಸಾಲ್ಯಾಗೂ ಇಲ್ಲ. ಗದ್ದಿ ಬದುವಿನ ಮ್ಯಾಲೆ ತಮ್ಮನ್ನ ತೂಗಾಕ್ಹತ್ಯಾಳ. ನನಗ ಇವತ್ತ ಮುಂಜಾನಿ ಗೊತ್ತಾತು."

"ಯಾರ ಮಗಳು?"

"ನನ್ನ ಮೊಮ್ಮಗಳ್ರಿ." ಪಟ್ಟಿಯ ಕಡೆ ಕೈ ಮಾಡಿ ಮುಂದುವರಿಸಿದಳು. "ಉಳದ ಹತ್ತು ಮಂದಿನ್ನ ಅಕ್ಕೋರು ಕಣ್ಣಾರೆ ನೋಡ್ಯಾರ. ಅನುಮಾನ ಇದ್ರ ನೀವೂ ಹೋಗಿ ನೋಡ್ರಿ. ದಸರಿ ಆದಮ್ಯಾಲೆ ನಮ್ಮೂರಿಗೆ ಬರ್ರಿ, ಊಟಕ್ಕ ಕೂತಾಗ ಎಣಿಸ್ರಿ. ಇನ್ನೊಮ್ಮೆ ಎಣಿಸ್ರಿ ಅಂತಷ್ಟ ನಾವು ಕೇಳೋದು."

ಅಧಿಕಾರಿ ಪೆನ್ನು ತೆಗೆದು ಕೊನೆಯ ಹೆಸರಿನ ಮೇಲೆ ಗೆರೆ ಎಳೆದರು. ಆಮೇಲೆ ಪಟ್ಟಿಯನ್ನು ಮೊದಲ ಹೆಸರಿನಿಂದ ಮತ್ತೆ ಓದತೊಡಗಿದರು, ಈ ಸಲ ನಿಧಾನವಾಗಿ. ನಿಯಮ ಬದಲಿಸುವುದು ತಮ್ಮ ಕೈಯಲ್ಲಿಲ್ಲ, ಎರಡು ಸಲ ಎಣಿಸಬೇಕೆನ್ನುವ ಬೇಡಿಕೆಯನ್ನು ಈ ಪಟ್ಟಿಯೊಂದಿಗೆ, ತಮ್ಮ ಅಭಿಪ್ರಾಯವನ್ನೂ ಬರೆದು ಬೆಂಗಳೂರಿಗೆ ಕಳಿಸುತ್ತೇನೆ ಅಂದರು. ಅಲ್ಲಿಯವರೆಗೆ ಆ ಶಾಲೆಯ ಶಿಕ್ಷಕರನ್ನು ಕದಲಿಸುವುದಿಲ್ಲ, ದಸರೆ ಆದ ಮೇಲೆ ತಾವೇ ಬಂದು ಊಟದ ಪಂಕ್ತಿ ಎಣಿಸುತ್ತೇನೆ ಅಂದರು. "ಬರೋ ದಿನ ಮುಂಚೆ ಹೇಳಲ್ಲ. ಮತ್ತೆ ಸುಣ್ಣ ಹೊಡೆದುಬಿಟ್ಟೀರಿ." ಈ ಸಲ ಹನುಮಗೌಡರೂ ನಕ್ಕರು.

ಅಂದಾಜು ಅರ್ಧ ಗೆಲುವು. ಆದರೂ ಹೊರಗೆ ಬಂದಾಗ ನನಗೆ ಕಣ್ಣು ತುಂಬಿತ್ತು, ಮಿರ್ಚಿ ತಿಂದಿರಲಿಲ್ಲ. ಆವರಣದ ಮರದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿದರು. ಸಜ್ಜೆ ರೊಟ್ಟಿ, ಹೆಸರುಕಾಳು ಪಲ್ಯೆ, ಶೇಂಗಾ ಚಟ್ನಿ. ನಾಲ್ಕು ಊರಿನ ನಾಲ್ಕು ರುಚಿಯ ಚಟ್ನಿ ನನ್ನ ರೊಟ್ಟಿಯ ಮೇಲೆ ಬಿದ್ದವು. ದ್ಯಾಮವ್ವ ಅರ್ಧ ರೊಟ್ಟಿ ತಿಂದು, ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು.

ಬಸ್ ನಿಲ್ದಾಣದಲ್ಲಿ ಕುಷ್ಟಗಿಯ ಬಸ್ಸು ಹೊರಡಲು ತಯಾರಾಗಿತ್ತು. ಹನುಮಗೌಡರು ಹತ್ತಿ ಕಿಟಕಿಯಿಂದ, "ದ್ಯಾಮವ್ವ, ಸೀಟು ಹಿಡದೀನಿ ಬಾ" ಅಂತ ಕರೆದರು. ಆಕೆ ಕೈ ಆಡಿಸಿ, ದಾಟಿ ನಡೆದು, ಗಂಗಾವತಿಯ ಬಸ್ಸಿನ ಮೆಟ್ಟಿಲು ಹತ್ತಿದಳು. ನಾನು ಬೆನ್ನಿಗೆ ಓಡಿದೆ.

"ಆ ಕೂಸನ್ನ ಯಾರು ನೋಡಿಕೊಳ್ತಾರೆ ದ್ಯಾಮವ್ವಾ? ಅವರವ್ವ ಕಳಿಸ್ತಾಳಾ?"

"ಎರಡನ್ನೂ ಕರ್ಕೊಂಡು ಬರ್ತೀನ್ರಿ. ಅಡಗಿ ಮನಿ ತೊಲಿಗೆ ಜೋಳಿಗಿ ಕಟ್ಟಿದ್ರ ಆತು, ನಾನು ಕುದಿಸ್ಕೊಂತ ತೂಗ್ತೀನಿ. ಅಕಿ ಒಳಗ ಕೂತು ಓದ್ಲಿ." ಸೀಟಿನಲ್ಲಿ ಕೂತು ಬುತ್ತಿಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಗ್ವಾಡಿ ಬೆಳ್ಳಗ ಐತ್ರಿ ಅಕ್ಕೋರ. ಮೊದಲನೇ ಗೀಟು ಅಕಿದ ಬೀಳಬೇಕು."

ಕಂಡಕ್ಟರ್ ಬಂದು ಆಕೆಗೂ ಸೊನ್ನೆಯ ಟಿಕೆಟ್ ಹರಿದುಕೊಟ್ಟ. ಬಸ್ಸು ಹಿಂದೆ ಸರಿದು, ತಿರುಗಿ, ಗಂಗಾವತಿ ರಸ್ತೆಗೆ ಬಿತ್ತು. ನಾನು ನೋಟ್‌ಬುಕ್ ತೆಗೆದು ನನ್ನ ಪ್ರತಿಯಲ್ಲಿ ಇನ್ನೂ ಹೊಡೆಯದೆ ಉಳಿದಿದ್ದ ಕೊನೆಯ ಹೆಸರನ್ನು ನೋಡಿದೆ, ಹೊಡೆಯದೆ ಹಾಗೆಯೇ ಮುಚ್ಚಿಟ್ಟೆ.